ನಿರಾಮಿಷದ ಸಾಲು

ನಮ್ಮ ಹೋಟೆಲಿನ ಗಿರಾಕಿಗಳಲ್ಲಿ ಅರ್ಧ ಜನ ವಸುಂಧರಾ ಅವರನ್ನು ಪ್ರೊಫೆಸರ್ ಅಂತಲೇ ತಿಳಿದಿದ್ದರು. ವಯಸ್ಸು ಐವತ್ತು ದಾಟಿದೆ, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ದಪ್ಪ ಪುಸ್ತಕ. ಪ್ರೊಫೆಸರ್ ಅಲ್ಲದೆ ಮತ್ತೆಂತ? ಅವರು ಯೂನಿವರ್ಸಿಟಿಗೆ ಕಲಿಸಲಿಕ್ಕೆ ಹೋಗುವುದಲ್ಲ ಮಾರಾಯ್ರೆ, ಕಲಿಯಲಿಕ್ಕೆ ಹೋಗುವುದು ಅಂತ ನಾನೇ ಹೇಳಬೇಕಾಗುತ್ತಿತ್ತು. ಎಂತ ಕಲಿಯುವುದು ಅಂತ ಯಾರಾದರೂ ಕೇಳಿದರೆ ಮುಗಿಯಿತು. "ಪ್ರಾದೇಶಿಕ ಸಂಪನ್ಮೂಲ ನಿರ್ವಹಣೆ" ಅಂತ ನಾನು ಪೂರ್ತಿ ಹೇಳುವಷ್ಟರಲ್ಲಿ ಕಾವಲಿಯ ಮೇಲೆ ದೋಸೆ ಸೀದು ಹೋಗುತ್ತಿತ್ತು.

ನನ್ನ ಹೆಸರು ಸುಗುಣಾ, ಕಾಪು ಕಡೆಯವಳು. ಯಜಮಾನರು ಮುರಾರಿ. ಊರು ಬಿಟ್ಟು ಬಂದು ಈ ಬಂಗಾಳಿಗಳ ಪೇಟೆಯಲ್ಲಿ, ಸೆಕ್ಟರ್ ಫೈವಿನ ಆಫೀಸುಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಹೋಟೆಲು. ಬೋರ್ಡಿನಲ್ಲಿ ಉಡುಪಿ ಅಂತ ಉಂಟು, ಶುದ್ಧ ಸಸ್ಯಾಹಾರಿ ಅಂತಲೂ ಉಂಟು. ಮನೆಯಲ್ಲಿ ಮಾತ್ರ ಮೀನಿಲ್ಲದೆ ನನಗೆ ಅನ್ನ ಇಳಿಯುವುದಿಲ್ಲ. ಹೇಳುವುದು ವೇದ, ಹಾಕುವುದು ಗಾಳ ಅಂತ ಯಜಮಾನರು ನಗಾಡುತ್ತಾರೆ. ನಗಾಡಲಿ. ಊಟದ ಹೊತ್ತಿಗೆ ಅವರ ಬಟ್ಟಲಿನಲ್ಲಿ ಮುಳ್ಳು ಮಾತ್ರ ಉಳಿಯುವುದನ್ನು ನಾನು ದಿನಾ ನೋಡುತ್ತೇನಲ್ಲ.

ವಸುಂಧರಾ ಧಾರವಾಡದವರು. ಅವರ ಗಂಡ ಬಸವಲಿಂಗಪ್ಪನವರು ಸಾಲ್ಟ್ ಲೇಕಿನಲ್ಲಿ ಕೇಂದ್ರ ಸರಕಾರದ ಆಫೀಸಿನಲ್ಲಿದ್ದರು, ಅಲ್ಲೇ ಕ್ವಾರ್ಟರ್ಸು. ಮಕ್ಕಳಿರಲಿಲ್ಲ. ಶನಿವಾರ ಸಂಜೆ ಇಬ್ಬರೂ ಸೆಕ್ಟರ್ ಫೈವ್ ದಾಟಿ ಮೀನಿನ ಕೆರೆಗಳ ಕಡೆ ನಡೆದುಕೊಂಡು ಹೋಗುವುದು, ವಾಪಸ್ಸು ಬರುವಾಗ ನಮ್ಮಲ್ಲಿ ದೋಸೆ ತಿನ್ನುವುದು. ಆ ಕೆರೆಗಳಿಗೆ ಇಲ್ಲಿಯವರು ಭೇರಿ ಅನ್ನುತ್ತಾರೆ. ಪೇಟೆಯ ಕೊಳಚೆ ನೀರು ಕಾಲುವೆ ಹಿಡಿದು ಅಲ್ಲಿಗೆ ಹೋಗುತ್ತದೆ, ಬಿಸಿಲಿಗೆ ನಿಂತು ತಿಳಿಯಾಗುತ್ತದೆ, ಅದರಲ್ಲಿ ಮೀನು ಬೆಳೆದು ಪುನಃ ಪೇಟೆಗೇ ಬರುತ್ತದೆ. "ಇದು ಹೆಂಗ ಆಗ್ತದ್ರಿ?" ಅಂತ ವಸುಂಧರಾ ಪ್ರತಿ ಶನಿವಾರ ಗಂಡನನ್ನು ಕೇಳುವುದು. ಕಡೆಗೆ ಒಂದು ದಿನ ಅವರು ದೋಸೆ ಮುರಿಯುತ್ತಾ ಹೇಳಿದರು, "ನನ್ನ ಯಾಕ ಕೇಳ್ತಿ? ಡಿಗ್ರಿಯೊಳಗ ಭೂಗೋಳ ಓದಿದಾಕಿ ನೀನು. ಹೋಗು, ಮುಂದ ಓದು."

ತಮಾಷೆಗೆ ಹೇಳಿದ್ದು ಅಂತ ನಾನು ತಿಳಿದದ್ದು. ಮುಂದಿನ ಜುಲೈಯಲ್ಲಿ ಈ ಹೆಂಗಸು ಮಗಳ ಪ್ರಾಯದ ಹುಡುಗಿಯರ ಜೊತೆ ಎಂ.ಎ. ಕ್ಲಾಸಿನ ಬೆಂಚಿನಲ್ಲಿ ಕೂತಾಗಿತ್ತು.

ಆಮೇಲಿನ ಶನಿವಾರಗಳನ್ನು ನೀವು ನೋಡಬೇಕಿತ್ತು. ಬಸವಲಿಂಗಪ್ಪನವರು ಕುರ್ಚಿ ಎಳೆದು ಕೂತವರೇ, "ಹೂಂ, ಇವತ್ತೇನ್ ಕಲಿಸಿದ್ರು?" ಅಂತ ಕೇಳುವುದು. ವಸುಂಧರಾ ಶುರು ಮಾಡುವುದು. ಕೊಳಚೆ ನೀರು, ಬಿಸಿಲು, ಪಾಚಿ. ಆ ಮನುಷ್ಯ ಸುಮ್ಮನೆ ಕೇಳುವವರೂ ಅಲ್ಲ, ನಡುನಡುವೆ ಅಡ್ಡಪ್ರಶ್ನೆ. "ಮಳಿಗಾಲದಾಗ ಏನ್ ಮಾಡ್ತಾರ? ಮೋಡ ಇದ್ದಾಗ?" ವಸುಂಧರಾಗೆ ಉತ್ತರ ಗೊತ್ತಿಲ್ಲದಿದ್ದರೆ ಸೋಮವಾರ ಕೇಳಿಕೊಂಡು ಬರುವುದು. ದೋಸೆ ಆರಿ ಚರ್ಮ ಆಗುತ್ತಿತ್ತು. ತಿನ್ನುವ ಜಾಗದಲ್ಲಿ ಕೊಳಚೆ ಮಾತಾಡಬೇಡಿ ಅಂತ ನಾನು ಎಷ್ಟು ಸಲ ಬೈದಿದ್ದೇನೋ. ಇಬ್ಬರೂ ನಗುತ್ತಿದ್ದರು, ಬಿಡುತ್ತಿರಲಿಲ್ಲ.

ಮೊದಲನೇ ಪರೀಕ್ಷೆ ಮುಗಿದ ವಾರ ಬಸವಲಿಂಗಪ್ಪನವರು ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರಲ್ಲಿ ಸುಡುವ ಕ್ರಮ ಇಲ್ಲ, ಕೂರಿಸಿ ಮಣ್ಣು ಕೊಡುವುದು. ಇಲ್ಲಿ ಎಲ್ಲಿ ಕೊಡುವುದು? ವಿಮಾನದಲ್ಲಿ ಊರಿಗೆ ಒಯ್ದು ಅವರದ್ದೇ ಹೊಲದಲ್ಲಿ ಮಣ್ಣು ಮಾಡಿದರು. ವಸುಂಧರಾ ಅಲ್ಲೇ ನಿಲ್ಲುತ್ತಾರೆ ಅಂತ ನಾವು ಅಂದುಕೊಂಡದ್ದು. ಒಂದು ಬೆಳಿಗ್ಗೆ ನೋಡುವಾಗ ಸೂಟ್‌ಕೇಸ್ ಹಿಡಿದುಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತಿದ್ದಾರೆ.

"ಕ್ವಾರ್ಟರ್ಸ್ ಖಾಲಿ ಮಾಡಬೇಕ್ರಿ ಸುಗುಣಕ್ಕ. ಎಲ್ಯರ ಒಂದು ಖೋಲಿ ಸಿಗ್ತದೇನು?"

ಕೇಷ್ಟೋಪುರದಲ್ಲಿ ನಮ್ಮ ಮನೆಯ ಮೇಲಿನ ಮಾಳಿಗೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಕೊಡಿಸಿದೆ. ಅವರು ನನ್ನನ್ನು ಅಕ್ಕ ಅನ್ನುವುದು, ನಾನು ಅವರನ್ನು ಅಕ್ಕ ಅನ್ನುವುದು, ಯಾರು ದೊಡ್ಡವರು ಅಂತ ಇವತ್ತಿನವರೆಗೂ ತೀರ್ಮಾನ ಆಗಲಿಲ್ಲ.

ವಸುಂಧರಾ ಅವರ ಮೈದುನನಿಗೆ ಇದು ಸರಿ ಬೀಳಲಿಲ್ಲ. ಅಣ್ಣನ ಮಣ್ಣು ಇಲ್ಲಿ, ಅತ್ತಿಗೆಗೆ ಅಲ್ಲೆಂತ ಕೆಲಸ ಅಂತ ಅವನ ಮಾತು. ಕೆಟ್ಟವನಲ್ಲ, ಕಾಳಜಿಯಿಂದಲೇ ಹೇಳುವುದು. ಕೊನೆಗೆ ಒಂದು ಮಾತಿಗೆ ಬಂದರು: ಓದು ಮುಗಿಸಲಿ, ಮುಗಿಸಿದರೆ ಅವರಿಷ್ಟ. ಕೋರ್ಸಿನ ಎರಡು ವರ್ಷದಲ್ಲಿ ಮುಗಿಯದಿದ್ದರೆ ಗಂಟುಮೂಟೆ ಕಟ್ಟಿ ಧಾರವಾಡಕ್ಕೆ. ವಸುಂಧರಾ ಒಪ್ಪಿ ಮಾತು ಕೊಟ್ಟರು. ಆ ಓದು ಹೋದರೆ ಅವರ ಕೈಯಲ್ಲಿ ಬಸವಲಿಂಗಪ್ಪನವರದ್ದು ಅಂತ ಉಳಿಯುವುದು ಎಂತದ್ದು ಇಲ್ಲ. ಅದು ನನಗೂ ಗೊತ್ತಿತ್ತು.

ಮಾಳಿಗೆಯಲ್ಲಿ ಅವರು ಇದ್ದಾರೋ ಇಲ್ಲವೋ ಅಂತ ತಿಳಿಯುತ್ತಿರಲಿಲ್ಲ. ಕುಕ್ಕರ್ ಒಂದೇ ಸೀಟಿ ಹೊಡೆಯುತ್ತಿತ್ತು. ಒಬ್ಬರಿಗೆ ಅನ್ನಕ್ಕೆ ಎರಡನೇ ಸೀಟಿ ಯಾಕೆ ಬೇಕು? ಕ್ಲಾಸಿನ ಹುಡುಗಿಯರು ಒಳ್ಳೆಯವರೇ, ಆಂಟಿ ಆಂಟಿ ಅಂತ ಮಾತಾಡಿಸುತ್ತಾರೆ, ಕ್ಲಾಸು ಬಿಟ್ಟ ಕೂಡಲೇ ಗುಂಪು ಕಟ್ಟಿಕೊಂಡು ಹೋಗಿಬಿಡುತ್ತಾರೆ. ಇವರು ಮೆಟ್ರೋದಲ್ಲಿ ಒಬ್ಬರೇ ಬರುವುದು. ಸಂಜೆ ಹೋಟೆಲಿಗೆ ಬಂದು ಅದೇ ಮೇಜಿನಲ್ಲಿ ಕೂರುತ್ತಿದ್ದರು, ಎದುರಿನ ಕುರ್ಚಿಯನ್ನು ಒಳಗೆ ತಳ್ಳಿ. ಅದು ಗಿರಾಕಿ ಹೆಚ್ಚುವ ಹೊತ್ತು. ಒಂದು ಚಾ ಇಟ್ಟು "ಹೇಗುಂಟು ಅಕ್ಕ?" ಅಂತ ಕೇಳಿದರೆ "ಛಲೋ ಅದ ರೀ" ಅನ್ನುವುದು. ಅಷ್ಟೇ.

ಓದು ಮುಗಿಯಲಿಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ವಸುಂಧರಾ ಒಂದು ಭೇರಿ ಹಿಡಿದರು, ಗಂಡನ ಜೊತೆ ನಡೆದುಕೊಂಡು ಹೋಗುತ್ತಿದ್ದ ಕಡೆಯದ್ದೇ. ಅವರ ಯೂನಿವರ್ಸಿಟಿಯ ಮೇಡಂದು ಒಂದು ಹಟ ಇತ್ತು. ಪುಸ್ತಕ ನೋಡಿ ಬರೆದರೆ ಆಗುವುದಿಲ್ಲ, ಭೇರಿಯ ಜನರನ್ನು ನೆಲದ ಮೇಲೆ ಸುತ್ತ ಕೂರಿಸಿ ಅವರ ಕೈಯಿಂದಲೇ ನಕ್ಷೆ ಬರೆಸಬೇಕು. ನೀರು ಎಲ್ಲಿಂದ ಬರುತ್ತದೆ, ಯಾವ ಕೆರೆಗೆ ಯಾವಾಗ ಬಿಡುವುದು, ದಂಡೆಯ ಹುಲ್ಲು ಯಾರಿಗೆ ಸೇರಿದ್ದು, ಎಲ್ಲ. ಆ ನಕ್ಷೆ ಇಲ್ಲದೆ ಪ್ರಬಂಧ ಮುಟ್ಟುವುದಿಲ್ಲ ಅಂದರಂತೆ.

ಇವರು ಮಳೆ ಬಿಸಿಲು ನೋಡದೆ ಭೇರಿಗೆ ಹೋದರು. ಹೆಂಗಸರ ಜೊತೆ ದಂಡೆಯಲ್ಲಿ ಕೂತರು, ಹುಡುಗಿಯರ ಹತ್ತಿರ ಬಂಗಾಳಿ ತಿದ್ದಿಸಿಕೊಂಡರು. ಎಲ್ಲರಿಗೂ ಹೇಳಿ ಒಂದು ಭಾನುವಾರ ಗೊತ್ತು ಮಾಡಿದರು. ನೆಲದ ಮೇಲೆ ಬರೆಯುವ ನಕ್ಷೆಯಲ್ಲಿ ಮನೆಗಳನ್ನು ಗುರುತು ಮಾಡಲಿಕ್ಕೆ ಒಂದು ಚೀಲ ಚುರುಮುರಿ ಹೊತ್ತುಕೊಂಡು ಹೋದರು. ಒಬ್ಬರೂ ಬರಲಿಲ್ಲ. ಚೀಲದ ಗಂಟು ಬಿಚ್ಚದೆ ವಾಪಸ್ಸು ತಂದು ನನ್ನ ಕೌಂಟರಿನ ಮೇಲೆ ಇಟ್ಟು, "ಭೇಳ್ ಮಾಡ್ರಿ ಅಕ್ಕ, ಹಾಳಾಗೂದು ಬ್ಯಾಡ" ಅಂದರು. ಧ್ವನಿ ಸರಿ ಇತ್ತು. ಅವತ್ತು ಚಾಕ್ಕೂ ಕೂರಲಿಲ್ಲ.

ನನಗೆ ಕೋಪ ನೆತ್ತಿಗೇರಿತು. ಆ ಭೇರಿಯ ಒಬ್ಬಳು ನನಗೆ ಚೆನ್ನಾಗಿ ಗೊತ್ತು, ನಿಭಾರಾಣಿ ಅಂತ ಮುದುಕಿ. ನಾನು ಮಾಶಿ ಅನ್ನುವುದು, ಇಲ್ಲಿಯ ಭಾಷೆಯಲ್ಲಿ ಚಿಕ್ಕಮ್ಮ. ನಮ್ಮ ಪೇಟೆಯಲ್ಲಿ ಬೆಳಿಗ್ಗೆ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ, ನನಗೆ ಮೀನು ಕೊಡುವುದು ಅವಳೇ. ಮರುದಿನ ಹೋಗಿ ನನ್ನ ಅರ್ಧಂಬರ್ಧ ಬಂಗಾಳಿಯಲ್ಲಿ ಜಗಳವೇ ತೆಗೆದೆ. ಒಬ್ಬಂಟಿ ಹೆಂಗಸು ಅಷ್ಟು ದೂರ ಬಂದರೆ ಹೀಗಾ ಮಾಶಿ ನೀವು ಮಾಡುವುದು? ನಿಭಾರಾಣಿ ರೂಯಿ ಮೀನಿನ ಹುರುಪೆ ತೆಗೆಯುತ್ತಾ ತಲೆ ಎತ್ತದೆ ಹೇಳಿದಳು, "ನಿನ್ನ ಆ ದಿದಿಗೆ ನಮ್ಮ ಮೀನು ಅಂದರೆ ಅಸಹ್ಯ. ಸೋಮವಾರ ಬಂದರೂ ಉಪವಾಸ, ಗುರುವಾರ ಬಂದರೂ ಉಪವಾಸ. ಬಲೆ ಎಳೆದ ದಿನ ಊಟಕ್ಕೆ ಕರೆದರೆ ಅವತ್ತೂ ಉಪವಾಸ. ಯಾವ ದೇವರಮ್ಮ ಅದು, ನಮ್ಮ ಒಲೆ ಹೊತ್ತಿದಾಗ ಮಾತ್ರ ಉಪವಾಸ ಕೇಳುವುದು? ಕೊಳಚೆ ಮೀನು ಅಂತ ಪೇಟೆಯವರು ಮೂಗು ಮುಚ್ಚುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅಂಥವಳಿಗೆ ನಮ್ಮ ಕೆರೆಯ ನಕ್ಷೆ ಯಾಕೆ?"

ಮೀನು ಕಟ್ಟಿಸಿಕೊಳ್ಳದೆ ವಾಪಸ್ಸು ಹೊರಟೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಹೆಂಗಸು, ನಾನು ಮೀನು ತಿನ್ನುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ? ಉಪವಾಸದ ಸುಳ್ಳು ಯಾಕೆ?

ಹೋಟೆಲಿಗೆ ಬಂದವಳೇ ಅವರನ್ನು ಹಿಂದಿನ ಪಾತ್ರೆ ತೊಳೆಯುವ ಜಗಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಅವರು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿ ಕೂತರು.

"ಇಲ್ಲಿ ನಿರಾಮಿಷ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ, ಸುಗುಣಕ್ಕ?" ಅಂದರು.

ಗೊತ್ತಿಲ್ಲದೆ ಉಂಟಾ? ಮೀನಿಲ್ಲದ ಊಟಕ್ಕೆ ಇಲ್ಲಿಯವರು ನಿರಾಮಿಷ ಅನ್ನುವುದು. ಇಲ್ಲಿಯ ಹಳೇ ಕ್ರಮದಲ್ಲಿ ಗಂಡ ಸತ್ತವಳು ಮೀನು ಬಿಡಬೇಕು. ಈಗ ಪೇಟೆಯಲ್ಲಿ ಯಾರೂ ಅಷ್ಟು ಮಾಡುವುದಿಲ್ಲ, ಹಳಬರಲ್ಲಿ, ಹಳ್ಳಿ ಕಡೆಯಲ್ಲಿ ಉಂಟು. ಊಟಕ್ಕೆ ಕೂತಾಗ ಅವರದ್ದೇ ಬೇರೆ ಸಾಲು.

"ಮದುವಿಯಾಗಿ ಹೊಸದಾಗಿ ಬಂದಾಗ ಪಕ್ಕದ ಮನಿ ಅಜ್ಜಿ ಹೇಳಿದ್ಲು, ಮೀನ ತಿನ್ನವ್ವ, ತಿನ್ನಲಿಲ್ಲಂದ್ರ ಗಂಡಗ ಛಲೋ ಅಲ್ಲ ಅಂತ. ನಾವಿಬ್ಬರೂ ಎಷ್ಟ್ ವರ್ಷ ಅದನ್ನ ಹೇಳ್ಕೊಂಡು ನಕ್ಕೀವಿ. ನಾ ಬದನಿಕಾಯಿ ಎಣ್ಣಿಗಾಯಿ ಮಾಡಿದಾಗೆಲ್ಲ ಅವ್ರು, ಇವತ್ತೂ ನನ್ನ ಆಯುಷ್ಯ ಕಡಿಮಿ ಮಾಡಿದಿ ಅಂತಿದ್ರು." ಮತ್ತೂ ಹೇಳಿದರು. "ಅವ್ರು ಹೋದ ಮ್ಯಾಲೆ ಒಂದು ಮದುವಿಗೆ ಹೋಗಿದ್ದೆ. ಗುರುತಿನಾಕಿ ಒಬ್ಬಾಕಿ ರಟ್ಟಿ ಹಿಡಿದು, ನಿಮ್ಮದು ಆ ಕಡೆ ಸಾಲು ಅಂತ ತೋರಿಸಿದ್ಲು. ಹಿಂದ ಇದಾ ಊಟ ಅವ್ರ ಬಾಜೂಕ ಕೂತು ಉಂಡಾಕಿ ನಾನು. ಅವತ್ತಿನಿಂದ ಯಾರ ಊಟಕ್ಕೂ ಹೋಗಿಲ್ಲ."

"ಅದಕ್ಕೆ ಉಪವಾಸವಾ?"

"ಇಲ್ಲಿ ಗಂಡ ಇದ್ದಾಕಿ ಕೈಯಾಗ ಬಿಳಿ ಶಂಖದ ಬಳಿ ಇರ್ತಾವ. ನನ್ನ ಕೈ ನೋಡಿದ್ರ ಅವ್ರಿಗೆ ಏನೂ ತಿಳಿಯೂದಿಲ್ಲ. ಕ್ಲಾಸಿನ್ಯಾಗೂ ಯಾರಿಗೂ ಗೊತ್ತಿಲ್ಲ. ನಿರಾಮಿಷ ಅಂದ್ನೆಂದ್ರ ಮುಂದಿನ ಪ್ರಶ್ನಿ ಬರ್ತದ, ಯಾವಾಗ ಹೋದ್ರು ಅಂತ. ನಾ ಇನ್ನೂ ಯಾರ ಮುಂದೂ ಬಾಯಿಬಿಟ್ಟು ಆ ಮಾತು ಹೇಳಿಲ್ರಿ. ಹೇಳದಿದ್ರ ಅವ್ರು ಎಲ್ಲೋ ಆಫೀಸಿನ್ಯಾಗ ಅದಾರ ಅನಸ್ತದ."

ಒಳಗಿಂದ ಯಜಮಾನರು ಚಟ್ನಿ ಚಟ್ನಿ ಅಂತ ಬೊಬ್ಬೆ ಹೊಡೆಯುತ್ತಿದ್ದರು, ನಾನು ಏಳಲಿಲ್ಲ. ಕಡೆಗೆ ಇಷ್ಟೇ ಹೇಳಿದೆ: ಅಕ್ಕ, ಹೇಳಿದರೆ ಆ ಸಾಲಿನಲ್ಲಿ ಕೂರಬೇಕಾಗಬಹುದು, ಹೇಳದಿದ್ದರೆ ನಿಮ್ಮ ಓದು ಹೋಗುತ್ತದೆ. ಎರಡರಲ್ಲಿ ಒಂದು. ಮಾರ್ಗ ಬೇರೆ ಇಲ್ಲ.

ಚಳಿ ಮುಗಿಯುವ ಹೊತ್ತಿಗೆ ಭೇರಿಯಲ್ಲಿ ಕಡೆಯ ಬಲೆ ಎಳೆಯುತ್ತಾರೆ, ಆಮೇಲೆ ಕೆರೆ ಒಣಗಿಸುವುದು. ಆ ದಿನ ಎಲ್ಲರಿಗೂ ಊಟ. ಪುನಃ ಕರೆಯುವವರು ಯಾರಿದ್ದಾರೆ? ನಾನೇ ನಿಭಾರಾಣಿಗೆ ದುಂಬಾಲು ಬಿದ್ದು ವಸುಂಧರಾಗೆ ಕರೆ ಬರುವ ಹಾಗೆ ಮಾಡಿದೆ. ವಸುಂಧರಾ ನನ್ನನ್ನೂ ಎಳೆದುಕೊಂಡು ಹೋದರು. ಚುರುಮುರಿಯ ಹೊಸ ಚೀಲ ನನ್ನ ಕೈಯಲ್ಲಿ.

ದಂಡೆಯಲ್ಲಿ ದೊಡ್ಡ ಒಲೆ, ಸಾಸಿವೆ ಎಣ್ಣೆಯ ಘಾಟು, ಕಾತ್ಲಾ ಮೀನಿನ ತುಂಡುಗಳು. ನನ್ನ ಬಾಯಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಬೇಕು. ಒಬ್ಬಳು ಹೆಂಗಸು ವಸುಂಧರಾ ಅವರನ್ನು ನೋಡಿ, "ದಿದಿಗೆ ಇವತ್ತೂ ಉಪವಾಸವಾ?" ಅಂದಳು. ಉಳಿದವರು ಮುಸಿಮುಸಿ ನಕ್ಕರು.

ವಸುಂಧರಾ ಎದ್ದು ನಿಂತರು. "ಇಲ್ಲ, ಹಸಿದು ಬಂದಿದ್ದೇನೆ," ಅಂತ ಬಂಗಾಳಿಯಲ್ಲಿ ಹೇಳಿದರು. "ಆದರೆ ನಂದು ನಿರಾಮಿಷ."

ನಗು ನಿಂತಿತು. ಅಂದುಕೊಂಡದ್ದೇ ಪ್ರಶ್ನೆ ಬಂತು. ಯಾವಾಗ ಹೋದರು?

"ಒಂದು ವರ್ಷ ಆಯಿತು. ನನ್ನ ಗಂಡ ತೀರಿಕೊಂಡಿದ್ದಾರೆ," ಅಂದರು. ಒಂದೊಂದೇ ಮಾತು, ಪುಟ್ಟ ಮಕ್ಕಳು ಪಾಠ ಒಪ್ಪಿಸಿದ ಹಾಗೆ. ನಾವು ಹುಟ್ಟಿನಿಂದ ಮೀನು ತಿನ್ನುವವರಲ್ಲ ಅಂತಲೂ ಸೇರಿಸಿದರು, ಅದು ಯಾರಿಗೂ ಬೇಕಿರಲಿಲ್ಲ. ಒಬ್ಬಳು ಓಡಿಹೋಗಿ ಆಚೆ ಬೇವಿನ ಮರದ ಬುಡದಲ್ಲಿ ಮುದುಕಿಯರು ಕೂತಲ್ಲಿ ಇನ್ನೊಂದು ಎಲೆ ಹಾಕಿದಳು.

ನನಗೆ ತಡೆಯಲಾಗಲಿಲ್ಲ. ಎದ್ದೆ. ಅವರು ನನ್ನ ಜೊತೆ ಬಂದವರು, ನನ್ನ ಪಕ್ಕದಲ್ಲಿ ಕೂರಲಿ, ಯಾವ ಕಾಲದಲ್ಲಿದ್ದೀರಿ ನೀವು ಅಂತ ಬಾಯಿ ತೆಗೆದಿದ್ದೆ. ವಸುಂಧರಾ ನನ್ನ ಸೆರಗು ಹಿಡಿದು ಕೂರಿಸಿದರು. "ಇರಲಿ ಬಿಡ್ರಿ ಅಕ್ಕ. ಅವ್ರು ಜಾಗ ಕೊಟ್ಟಾರ." ಅಷ್ಟು ಹೇಳಿ ಆ ಕಡೆ ನಡೆದರು.

ಆ ಸಾಲಿನ ತುದಿಯಲ್ಲಿ ನಿಭಾರಾಣಿ ಕೂತಿದ್ದಳು. ಜೀವನವಿಡೀ ಮೀನು ಮಾರಿದವಳು, ಗಂಡ ಹೋದಾಗಿನಿಂದ ಒಂದು ತುಂಡು ಬಾಯಿಗೆ ಹಾಕಿದವಳಲ್ಲ. ಇಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ. ಬೇಳೆ, ಬದನೆಕಾಯಿ ಕರಿದದ್ದು, ಗಸಗಸೆ ಹಾಕಿದ ಬಟಾಟೆ. ಮುದುಕಿಯರು ತಿನ್ನುತ್ತಾ ಯಾರಿಗೆ ಯಾವ ಮೀನಿನ ಆಸೆ ಅಂತ ಮಾತಾಡುತ್ತಿದ್ದರು. ಒಬ್ಬಳಿಗೆ ಹಿಲ್ಸಾದ ತತ್ತಿ, ಇನ್ನೊಬ್ಬಳಿಗೆ ಸಿಗಡಿ. ನಿಭಾರಾಣಿ ವಸುಂಧರಾ ಕಡೆ ತಿರುಗಿ, "ನೀನಂತೂ ತಿಂದವಳೇ ಅಲ್ಲ. ನಿನಗೆ ಯಾವುದು ತಪ್ಪಿತು?" ಅಂತ ಕೇಳಿದ್ದು ನನಗೆ ಇಲ್ಲಿಗೆ ಕೇಳಿಸಿತು.

ವಸುಂಧರಾ ಅನ್ನ ಕಲಸುವುದನ್ನು ನಿಲ್ಲಿಸಿದರು. "ಸಂಜೆ ಅವರು ಕೇಳುತ್ತಿದ್ದರು," ಅಂದರು, "ಇವತ್ತು ಕ್ಲಾಸಿನಲ್ಲಿ ಏನು ಕಲಿಸಿದರು ಅಂತ. ಅದು ತಪ್ಪಿತು."

ಅಷ್ಟು ಹೇಳಿ ಅತ್ತರು. ಎಲೆಯ ಮುಂದೆ ಕೂತು, ಎಂಜಲು ಕೈಯಲ್ಲಿ ಕಣ್ಣು ಒರೆಸಲಿಕ್ಕೂ ಆಗದೆ. ಗಂಡ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ನಿಭಾರಾಣಿ ತನ್ನ ಸೆರಗಿನಲ್ಲಿ ಅವರ ಮುಖ ಒರೆಸಿದಳು. ಮೀನು ವಾಸನೆಯ ಸೆರಗು. ಅವರು ಮುಖ ತಿರುಗಿಸಲಿಲ್ಲ.

ಊಟ ಆದ ಮೇಲೆ ಯಾರೂ ಕರೆಯಲಿಲ್ಲ, ಹೆಂಗಸರೇ ಅಂಗಳ ಗುಡಿಸಿ ಕೂತರು. ಕೋಲಿನಲ್ಲಿ ಗೀರಿ ಕಾಲುವೆ ಬಂತು, ಕೆರೆ ಬಂತು. ದಂಡೆಯ ಹುಲ್ಲಿನ ವಿಷಯಕ್ಕೆ ಇಬ್ಬರು ನಾದಿನಿಯರಿಗೆ ಒಳ್ಳೆ ಜಗಳವೂ ಆಯಿತು. ಚುರುಮುರಿಯಲ್ಲಿ ಇಟ್ಟ ಮನೆಗಳಲ್ಲಿ ಎರಡನ್ನು ಕೋಳಿ ತಿಂದಿತು, ಪುನಃ ಇಟ್ಟರು. ವಸುಂಧರಾ ಮೊಣಕಾಲೂರಿ ಕೂತು ಫೋಟೋ ತೆಗೆದರು. ಹಾಗೆ ನಕ್ಷೆ ಆಯಿತು.

ಪ್ರಬಂಧ ಕೊಟ್ಟರು, ಪಾಸಾದರು, ಒಳ್ಳೆಯ ಅಂಕವೂ ಬಂತು. ರಿಸಲ್ಟ್ ಬಂದ ದಿನ ಯಜಮಾನರು ಹೋಟೆಲಿನಲ್ಲಿ ಕೇಸರಿಬಾತ್ ಮಾಡಿ ಗಿರಾಕಿಗಳಿಗೆಲ್ಲ ಹಂಚಿದರು. ಮೈದುನ ಫೋನ್ ಮಾಡಿ, "ಮಾತು ಮಾತೇ ವೈನಿ, ಇನ್ನ ನಿಮ್ಮಿಷ್ಟ" ಅಂದನಂತೆ. ವಸುಂಧರಾ ಕೋಣೆ ಬಿಡುವುದಿಲ್ಲ ಅಂತ ನನಗೆ ಹೇಳಿದರು. ಒಂದು ಸಲ ಮಾತ್ರ ಊರಿಗೆ ಹೋಗಿ ಬರುತ್ತೇನೆ ಅಂದರು.

"ಅವ್ರ ಮಣ್ಣಿನ ಮುಂದ ಕೂತು ಎಲ್ಲಾ ಹೇಳಿ ಬರ್ತೀನ್ರಿ. ಒಂದೂವರಿ ವರ್ಷದ್ದು ಬಾಕಿ ಉಳದದ. ಬೆಳಿಗ್ಗೆ ಶುರು ಮಾಡಿದ್ರ ಸಂಜೀತನಕ ಹಿಡೀತದ, ಬುತ್ತಿ ಕಟ್ಟಿಕೊಂಡು ಹೋಗ್ಬೇಕು." ಆ ಮಾತು ಹೇಳುವಾಗ ಮುಖದಲ್ಲಿ ಹಳೇ ಶನಿವಾರದ ಕಳೆ ಇತ್ತು. ದಾರಿಗೆ ಅಂತ ನಾನು ಚಟ್ನಿಪುಡಿ ಕಟ್ಟಿ ಕೊಟ್ಟೆ.

ಹೋಗಿ ಬಂದರು. ಬಂದ ದಿನ ಸಂಜೆ ಅದೇ ಮೇಜು. ಗಿರಾಕಿಗಳು ಕಾಯಲಿ ಅಂತ ನಾನು ಎರಡು ಚಾ ತಂದು, ಒಳಗೆ ತಳ್ಳಿದ್ದ ಎದುರಿನ ಕುರ್ಚಿ ಎಳೆದು ಕೂತೆ.

"ಹೇಳಿದಿರಾ ಅಕ್ಕ ಎಲ್ಲ?"

"ಹೇಳಿದ್ನಿ."

"ಸಂಜೆಯವರೆಗೆ ಹಿಡಿಯಿತಾ?"

ವಸುಂಧರಾ ಒಂದು ಗುಟುಕು ಚಾ ಕುಡಿದು ಲೋಟ ಇಟ್ಟರು.

"ಇಲ್ರಿ. ಲಗೂನ ಮುಗದಹೋತು. ಬುತ್ತಿ ಬಿಚ್ಚೂ ಹೊತ್ತೂ ಬರಲಿಲ್ಲ," ಅಂದರು. "ನಡುವ ಪ್ರಶ್ನಿ ಕೇಳೋರು ಯಾರೂ ಇರಲಿಲ್ಲಲ್ಲ."